ಗಾಳಿ ಸೋರುವ ಜಾಗ

ಫ್ರಿಜ್ಜಿನ ಸ್ವಿಚ್ಚು ಆರಿಸಿದ ಮೇಲೂ ಉಸ್ ಅನ್ನುವ ಶಬ್ದ ಹೋಗಲಿಲ್ಲ.

ಈಗಷ್ಟೇ ರೆಕಾರ್ಡ್ ಮಾಡಿದ್ದನ್ನು ಕೇಳಿ, ಮಗಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಅಪ್ಪನ ಕಡೆ ನೋಡಿದಳು. ಅಪ್ಪ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಪಾಸೋ ಫೇಲೋ ತಿಳಿಯಲು ಕಾದ ಹುಡುಗನ ಹಾಗೆ ಮಂಚದ ಅಂಚಿನಲ್ಲಿ ಕುಳಿತಿದ್ದ. ಅವಳು ಹೋಗಿಲ್ಲವೆಂದು ತಲೆಯಾಡಿಸಿದಳು.

"ಇನ್ನೂ ಇದೆಯಾ?"

"ಇದೆ ಅಪ್ಪ."

"ಫ್ಯಾನು?"

"ಆಗಲೇ ಆರಿಸಿದೆ."

"ಹಾಗಾದ್ರೆ ಮೇಲ್ಮನೆಯವರ ಮಿಕ್ಸಿ. ಅದು ಸುಮ್ನೆ ಇರೋ ಜಾತಿಯಲ್ಲ."

"ಮೇಲ್ಮನೆಯವರು ಊರಲ್ಲೇ ಇಲ್ಲ," ಎಂದಳು ಅಮ್ಮ ಅಡುಗೆಮನೆಯಿಂದ. "ಅವರ ಮಿಕ್ಸಿ ತಾನಾಗೇ ತಿರುಗತ್ತಾ? ಫ್ರಿಜ್ಜಲ್ಲಿ ಹಾಲಿದೆ, ನೆನಪಿರಲಿ. ಒಡೆದ್ರೆ ತಂದು ನಿಮ್ಮ ಪೀಪಿಯೊಳಗೇ ಹೊಯ್ತೀನಿ."

ಮೇಜಿನ ಮೇಲೆ, ನಾಲ್ಕು ಮಡಿಕೆ ಮಾಡಿದ ಟವೆಲ್ಲಿನ ಮೇಲೆ ರೆಕಾರ್ಡರ್ ಕೂತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕಪ್ಪು ಡಬ್ಬಿ. ತುದಿಯಲ್ಲಿ ಜಿರಲೆ ಮೀಸೆಯ ಹಾಗೆ ಎಡಕ್ಕೊಂದು ಬಲಕ್ಕೊಂದು ತಿರುಗಿದ ಎರಡು ಪುಟ್ಟ ಮೈಕುಗಳು. ಪರದೆಯ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಅವಳು ಇನ್ನೂ ಕಿತ್ತಿರಲಿಲ್ಲ. ವಸ್ತು ಅವಳದಲ್ಲ. ಅವಳು ಕೆಲಸಕ್ಕೆ ಹೋಗುವ ಸ್ಪೀಕರ್ ಅಂಗಡಿಗೆ ಕಂಪನಿಯವನೊಬ್ಬ ನೋಡಲೆಂದು ಕೊಟ್ಟುಹೋಗಿದ್ದ. ನಿನ್ನೆ ಅಂಗಡಿ ಮುಚ್ಚುವ ಹೊತ್ತಿಗೆ ಯಜಮಾನರು ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, "ಮಾತು ಹಿಡಿಯೋಕೆ ಯಾವ ಡಬ್ಬ ಆದ್ರೂ ನಡೆಯುತ್ತೆ. ಸಂಗೀತಕ್ಕೆ ಆಗುತ್ತಾ ಅನ್ನೋದು ನನಗೆ ಬೇಕು. ಯಾರಾದ್ರೂ ಮನೆಗೆ ಒಯ್ದು ನೋಡ್ತೀರಾ?" ಎಂದು ಕೇಳಿದ್ದರು. ಮಾರಾಟದ ಇಬ್ಬರು ಹುಡುಗರು ಬಾಯಿ ತೆರೆಯುವ ಮೊದಲೇ ಅವಳ ಕೈ ಮುಂದೆ ಹೋಗಿತ್ತು. ಗಿರಾಕಿ ಕೇಳಿದ ಬೆಲೆಯನ್ನೂ ನೆಲ ನೋಡಿಕೊಂಡು ಹೇಳುವ ಹುಡುಗಿ ಅವಳು. ಯಜಮಾನರು ಆ ಕೈಯನ್ನು ಒಂದು ಗಳಿಗೆ ನೋಡಿ, ಡಬ್ಬಿಯನ್ನು ಅದರಲ್ಲಿಟ್ಟರು.

ಕೈ ಮುಂದಾದದ್ದಕ್ಕೆ ಕಾರಣ ಅಪ್ಪನ ಹಲ್ಲು. ಸೋಮವಾರ, ಅಂದರೆ ನಾಳೆ, ಮೇಲಿನ ಸಾಲಿನ ಮುಂದಿನ ಹಲ್ಲುಗಳನ್ನು ಕೀಳಿಸುವುದೆಂದು ಗೊತ್ತಾಗಿತ್ತು. ಕ್ಲಾರಿನೆಟ್ ಊದುವವನು ಮೇಲಿನ ಹಲ್ಲನ್ನು ವಾದ್ಯದ ಮೂತಿಯ ಮೇಲೆ ಊರಿ, ಕೆಳತುಟಿಯನ್ನು ಒಳಕ್ಕೆ ಮಡಚಿ ರೀಡಿಗೆ, ಅಂದರೆ ಮೂತಿಗೆ ಕಟ್ಟಿದ ತೆಳು ಪಟ್ಟಿಗೆ, ಆನಿಸಬೇಕು. ಹಾಗೆ ಊರಿ ಊರಿ ಅಪ್ಪನ ಕ್ಲಾರಿನೆಟ್ಟಿನ ಮೂತಿಯಲ್ಲಿ ಎರಡು ಸಣ್ಣ ಗುಳಿ ಬಿದ್ದಿದ್ದವು. "ನನ್ನ ಕೈ ಹಿಡಿದದ್ದಕ್ಕಿಂತ ಅದನ್ನ ಕಚ್ಚಿದ್ದೇ ಹೆಚ್ಚು" ಎಂದು ಅಮ್ಮ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು. ಹಲ್ಲಿನ ಡಾಕ್ಟರು, ಕಟ್ಟಿಸಿದ ಹಲ್ಲಿನಲ್ಲೂ ಊದಬಹುದು ಎಂದಿದ್ದರು. ಆದರೆ ಹೊಸದಾಗಿ ಕಲಿತ ಹಾಗೆ, ಇದೇ ಧ್ವನಿ ಬರುತ್ತದೆಂದು ಹೇಳಲಾರೆ ಎಂದೂ ಸೇರಿಸಿದ್ದರು. ಅಪ್ಪ ಮೊದಲ ಮಾತನ್ನು ಮಾತ್ರ ಕೇಳಿಸಿಕೊಂಡು ಮನೆಗೆ ಬಂದ. ಪಕ್ಕದ ಕುರ್ಚಿಯಲ್ಲಿದ್ದ ಮಗಳು ಎರಡನ್ನೂ ಕೇಳಿಸಿಕೊಂಡಿದ್ದಳು.

ಹಾಗಾಗಿ ಇವತ್ತಿನೊಳಗೆ ಅಪ್ಪನ ಧ್ವನಿಯನ್ನು ಹಿಡಿದಿಡಬೇಕಿತ್ತು. ಹಿಡಿದರೆ ಉಸ್ ಎನ್ನುತ್ತಿತ್ತು.

"ಕೊಡಿಲ್ಲಿ, ನಾನು ನೋಡ್ತೀನಿ," ಎಂದು ಅಪ್ಪ ರೆಕಾರ್ಡರನ್ನು ಎತ್ತಿಕೊಂಡ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಬಿಡುವಿನಲ್ಲಿ ಬ್ಯಾಂಡು. ಎರಡೂ ಸೇರಿ ಬೀದಿಯವರ ಬಾಯಲ್ಲಿ ಅವನು ಸೈಕಲ್ ಮೇಷ್ಟ್ರು. ಪಂಕ್ಚರ್ ಹುಡುಕಲು ಅವನು ನೀರಿನ ತೊಟ್ಟಿಯ ಹತ್ತಿರ ಹೋಗುತ್ತಿದ್ದುದೇ ಕಡಿಮೆ. ಟ್ಯೂಬಿಗೆ ಗಾಳಿ ತುಂಬಿ, ಕೆನ್ನೆಯ ಪಕ್ಕಕ್ಕೆ ತಂದು, ಕಣ್ಣು ಮುಚ್ಚಿ ನಿಧಾನವಾಗಿ ಸುತ್ತಿಸುತ್ತಿದ್ದ. ಕೂದಲೆಳೆಯಷ್ಟು ತೂತಿದ್ದರೂ ಕೆನ್ನೆ ಹೇಳುತ್ತಿತ್ತು. ಈಗ ರೆಕಾರ್ಡರನ್ನೂ ಹಾಗೇ ಕೆನ್ನೆಗೆ ಹಿಡಿದು ಎಲ್ಲ ಮಗ್ಗುಲೂ ತಿರುಗಿಸಿದ.

"ಇದರೊಳಗಿಂದ ಏನೂ ಬರ್ತಿಲ್ಲವಲ್ಲ ಪುಟ್ಟಿ. ನೀರಿಗೆ ಅದ್ದಿ ನೋಡೋಣ್ವಾ?"

"ಬೇಡಪ್ಪ," ಎಂದು ಅವಳು ಎರಡೂ ಕೈಯಿಂದ ಕಿತ್ತುಕೊಂಡಳು. ಅಪ್ಪ ತುಟಿ ಮುಚ್ಚಿಕೊಂಡೇ ನಕ್ಕ. ಹಲ್ಲು ಅಲುಗಾಡಲು ಶುರುವಾದ ಮೇಲೆ ಅವನು ನಗುತ್ತಿದ್ದುದೇ ಹಾಗೆ.

ಮತ್ತೆ ಹುಡುಕಾಟ ನಡೆಯಿತು. ಒಳಕೋಣೆಯಲ್ಲಿ ಬೀರುವಿನ ಬಾಗಿಲು ತೆರೆದು, ಕಂಬಳಿಗಳನ್ನು ಹಗ್ಗಕ್ಕೆ ಇಳಿಬಿಟ್ಟು ನೋಡಿದರು. ಬಚ್ಚಲಮನೆಯಲ್ಲಿ ಅಪ್ಪ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ನುಡಿಸಿದ. ಮೈಕಿಗೆ ಸ್ಪಂಜಿನ ಟೋಪಿ ಹಾಕಿದರು, ತೆಗೆದರು. ಅವಳು ಧ್ವನಿಯ ಲೆವೆಲ್ ಏರಿಸಿದಳು, ಇಳಿಸಿದಳು, ಅದನ್ನು ಮೆಷಿನ್ನಿಗೇ ಬಿಟ್ಟೂ ನೋಡಿದಳು. ಮೆಷಿನ್ನಿಗೇ ಬಿಟ್ಟರೆ ಅದು ಮೆಲ್ಲಗಿನ ಸ್ವರವನ್ನೂ ಜೋರಿನ ಸ್ವರವನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸುತ್ತಿತ್ತು, ಬಟ್ಟೆಗೆ ಇಸ್ತ್ರಿ ಹಾಕಿದಂತೆ. ಅದು ಸರಿಯಲ್ಲವೆಂದು ಅವಳಿಗೆ ಗೊತ್ತಾಯಿತು. ಕೈಯಿಂದಲೇ ಲೆವೆಲ್ ಇಟ್ಟರೆ, ದೂರ ಮೂರು ಮೊಳ ಇದ್ದರೆ, ಮರದ ವಾದ್ಯದ ಆ ಕಪ್ಪು ಬೆಚ್ಚನೆಯ ಧ್ವನಿ ಇದ್ದ ಹಾಗೇ ಬರುತ್ತಿತ್ತು. ಕೀಲಿಗಳ ಮೇಲೆ ಬೆರಳು ಬೀಳುವ ಟಪಟಪವೂ ಬರುತ್ತಿತ್ತು. ಇಷ್ಟು ಒಳ್ಳೆಯ ಯಂತ್ರಕ್ಕೆ ಆ ಒಂದು ಕಲೆ ಯಾಕೆ ಎಂದು ಅವಳಿಗೆ ಬೇಸರವಾಯಿತು.

ಪ್ರತಿ ಸಲ ನುಡಿಸಿ ಮುಗಿಸಿದಾಗಲೂ ಅಪ್ಪ ಬೆರಳಿನಿಂದ ಮೇಲ್ತುಟಿಯನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದ. ಅದು ಅವಳ ಕಣ್ಣಿಗೆ ಬೀಳದಿರಲೆಂದು ಅತ್ತ ತಿರುಗುತ್ತಿದ್ದ. ರೆಕಾರ್ಡರಿನ ಕೆಂಪು ದೀಪ ಹತ್ತಿದರೆ ಬೇರೆ ಮನುಷ್ಯನಾಗುತ್ತಿದ್ದ. ಬೆನ್ನು ನೆಟ್ಟಗೆ, ಭುಜ ಬಿಗಿ, ಫೋಟೋ ತೆಗೆಸಿಕೊಳ್ಳುವವನ ಮುಖ.

ಹನ್ನೊಂದರ ಹೊತ್ತಿಗೆ ಯಜಮಾನರ ಫೋನು ಬಂತು. ಅವಳು ಗೋಡೆಗೆ ಮುಖ ಮಾಡಿ ಮಾತಾಡಿದಳು.

"ಹೆಂಗಿದೆಯಮ್ಮ ಮಾಲು?"

"ಚೆನ್ನಾಗೇ ಇದೆ ಸರ್. ಆದ್ರೆ ಉಸ್ ಅಂತ ಬರುತ್ತೆ."

"ಎಲ್ಲಾದ್ರಲ್ಲೂನಾ?"

"ಹೂಂ ಸರ್. ಎಲ್ಲಿ ಇಟ್ರೂ ಬರುತ್ತೆ."

"ಹಾಗಾದ್ರೆ ನಮಗ್ಯಾಕೆ ಅದು. ನಾಳೆ ಬೆಳಗ್ಗೆ ಕಂಪನಿಯವನು ಬರ್ತಾನೆ, ವಾಪಸ್ ಕೊಟ್ಟು ಕಳಿಸೋಣ. ಆದ್ರೂ ಸಂಜೆವರೆಗೆ ನೋಡು, ಇನ್ನೊಂದು ಸಲ ಫೋನ್ ಮಾಡ್ತೀನಿ. ನೀನು ಏನಂತೀಯೋ ಅದೇ."

ಫೋನಿಟ್ಟ ಮೇಲೂ ಅವಳು ಸ್ವಲ್ಪ ಹೊತ್ತು ಗೋಡೆಯ ಕಡೆಗೇ ನಿಂತಿದ್ದಳು. ನೀನು ಏನಂತೀಯೋ ಅದೇ. ಶಾಲೆ ಬಿಟ್ಟ ಮೇಲೆ, ಬಿಡುವ ಮೊದಲೂ, ಯಾರೂ ಅವಳಿಗೆ ಈ ಮಾತು ಹೇಳಿರಲಿಲ್ಲ.

ಊಟವಾದ ಮೇಲೆ ಅಪ್ಪ ಮಲಗಿದ. ಅವಳು ಹೊರಬಾಗಿಲ ಮೆಟ್ಟಿಲ ಮೇಲೆ ಕೂತು ಬೆಳಗ್ಗೆಯಿಂದ ಹಿಡಿದದ್ದನ್ನೆಲ್ಲ ಮೊದಲಿನಿಂದ ಕೇಳತೊಡಗಿದಳು. ಇಷ್ಟು ಹೊತ್ತೂ ಅವಳು ಸ್ವರ ಶುರುವಾಗುವ ಜಾಗಕ್ಕೇ ಓಡಿಸಿಕೊಂಡು ಕೇಳುತ್ತಿದ್ದಳು. ಈಗ ಆತುರವಿರಲಿಲ್ಲ. ಅಪ್ಪ ಮಂಚದ ಮೇಲೆ ಕೂತದ್ದು ಕೇಳಿತು. ಮಂಚ ಕಿರ್ರೆಂದಿತು. ಬೀದಿಯಲ್ಲಿ ಯಾರೋ ಯಾರನ್ನೋ ಕರೆದರು. ಅಮ್ಮ ಒಳಗಿನಿಂದ, "ಮಾತ್ರೆ ನುಂಗಿದ್ರಾ?" ಎಂದಳು, ಅಪ್ಪ, "ಹೂಂ ಮಾರಾಯ್ತಿ," ಎಂದ. ತೊಳೆದಿಟ್ಟ ಗಾಜಿನ ಹಾಗೆ ಎಲ್ಲವೂ ಶುದ್ಧ. ಆಮೇಲೆ ಅಪ್ಪ ಉಸಿರೆಳೆದುಕೊಂಡ. ಊದಿದ. ಉಸ್.

ಸಾಲಿನ ನಡುವೆ ಮತ್ತೆ ಉಸಿರಿಗೆಂದು ನಿಲ್ಲಿಸಿದ. ಶಬ್ದವಿಲ್ಲ. ಊದಿದ. ಉಸ್.

ಅವಳು ಆ ಜಾಗವನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಮತ್ತೆ. ಅಪ್ಪನ ತುಟಿಯ ಮೂಲೆ ಅವಳ ಕಣ್ಣಮುಂದೆ ಬಂತು. ನೋವಿಗೆ ಹಲ್ಲನ್ನು ಪೂರ್ತಿ ಊರದೆ, ಸ್ವಲ್ಪ ಸಡಿಲ ಬಿಟ್ಟು, ಬಲಗಡೆ ಒಂದು ಎಳೆ ತೆರೆದುಕೊಂಡ ತುಟಿ. ಗಾಳಿ ವಾದ್ಯದೊಳಕ್ಕೂ ಹೋಗುತ್ತಿತ್ತು, ಆ ತುಟಿಯ ಸಂದಿಯಿಂದ ಹೊರಕ್ಕೂ ಹೋಗುತ್ತಿತ್ತು.

ಅಡುಗೆಮನೆಯಲ್ಲಿ ಅಮ್ಮ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಮಗಳು ಹೆಡ್‌ಫೋನನ್ನು ಅವಳ ತಲೆಗೆ ಹಾಕಿದಳು. ಅಮ್ಮನ ಬೆರಳು ಸಿಪ್ಪೆ ಸೀಳುತ್ತಲೇ ಇತ್ತು. ಸ್ವಲ್ಪ ಕೇಳಿ, ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡಳು.

"ಬೆಳಗ್ಗೆಯಿಂದ ನೀವಿಬ್ಬರೂ ಹುಡುಕ್ತಿದ್ದದ್ದು ಇದನ್ನಾ?"

"ಅಮ್ಮ, ಇದು ಮೆಷಿನ್ನಿಂದಲ್ಲ."

"ಅಲ್ಲ."

"ನಿನಗೆ ಗೊತ್ತಿತ್ತಾ? ಮತ್ತೆ ಫ್ರಿಜ್ ಆರಿಸಿದಾಗ ಯಾಕೆ ಸುಮ್ಮನಿದ್ದೆ?"

"ನಿಮ್ಮ ಮೆಷಿನ್ನಿಗೆ ಬೇರೆ ಇನ್ಯಾವುದೋ ಉಸ್ ಕೇಳಿಸ್ತಿದೆಯೇನೋ ಅಂದ್ಕೊಂಡೆ." ಅಮ್ಮ ಕೈಲಿದ್ದ ಕಾಳುಗಳನ್ನು ಪಾತ್ರೆಗೆ ಬಿಟ್ಟಳು. "ಇದು ಹೋದ ಬೇಸಿಗೆಯಿಂದ ಇದೆ. ಬ್ಯಾಂಡಿನವರು ನಿಮ್ಮಪ್ಪನ್ನ ಹಿಂದಿನ ಸಾಲಿಗೆ ಹಾಕಿದ್ದು ಮತ್ಯಾಕೆ ಅಂದ್ಕೊಂಡೆ? ಬಿಸಿಲು ತಾಗತ್ತೆ ಅಂತನಾ?"

"ಹೊಸಬರು ಮುಂದೆ ನಿಂತು ಕಲೀಲಿ ಅಂತ ತಾನೇ ಜಾಗ ಬಿಟ್ಟುಕೊಟ್ಟೆ ಅಂತ ಅಪ್ಪ ಅಂದಿದ್ದ."

"ಹಾಗಂತ ಬ್ಯಾಂಡಿನವರು ಅವರಿಗೆ ಹೇಳಿದ್ರು. ಒಳ್ಳೆಯವರು."

"ನೀನು ಹೇಳಬಹುದಿತ್ತು."

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರು. ನಿಲ್ಲಿಸಿದ್ರೆ ಸಂಜೆ ಹೊತ್ತು ಈ ಮನೇಲಿ ಏನಿರತ್ತೆ? ನಿನ್ನ ಬಾಯಲ್ಲಂತೂ ಮಾತಿಲ್ಲ. ನಾನು ಕುಕ್ಕರಿನ ಜೊತೆ ಮಾತಾಡ್ಲಾ?"

ಮಗಳು ಸಿಪ್ಪೆಗಳನ್ನು ಒಟ್ಟು ಮಾಡತೊಡಗಿದಳು. ಎಲ್ಲವನ್ನೂ ಒಂದು ಕಡೆ ಗುಡ್ಡೆ ಹಾಕಿದ ಮೇಲೆ, "ಮೆಷಿನ್ ಸರಿಯಿಲ್ಲ ಅಂತಲೇ ಹೇಳ್ತೀನಿ," ಎಂದಳು.

"ನಿಮ್ಮಪ್ಪನಿಗೆ ತಾನೇ? ಹೇಳು."

"ಯಜಮಾನರಿಗೂ. ಅವರಿಗೊಂದು ಹೇಳಿ, ಅಪ್ಪನಿಗೊಂದು ಹೇಳಿದ್ರೆ ಆಗಲ್ಲ. ಮೆಷಿನ್ ಅಂಗಡೀಲಿ ಮಾರಾಟಕ್ಕೆ ಬಂದು ಕೂತ್ರೆ, ಅಪ್ಪ ಒಂದಿನ ಬಂದು ನೋಡ್ತಾನೆ, ಕೆಟ್ಟದ್ದು ಅದಲ್ಲ ಅಂತ ತಿಳ್ಕೊಳ್ತಾನೆ."

ಅಮ್ಮ ಅವಳನ್ನು ನೋಡಿದಳು. "ಅಂಗಡಿಯವರು ನಿನ್ನನ್ನ ನಂಬಿ ಕೇಳಿದ್ದಾರೆ," ಎಂದಳು, ಅಷ್ಟೆ. ಆಮೇಲೆ, "ಹಾಲು ಒಡೆದಿದೆ. ಹೋಗಿ ತಗೊಂಡು ಬಾ," ಎಂದಳು.

ಹಾಲಿನಂಗಡಿ ದೂರವಿರಲಿಲ್ಲ. ಅವಳು ಬೇಕೆಂದೇ ನಿಧಾನವಾಗಿ ನಡೆದಳು. ಮೆಷಿನ್ ಸರಿಯಿಲ್ಲ ಸರ್. ಮೆಷಿನ್ ಸರಿಯಿಲ್ಲ ಸರ್. ಹೇಳಿಕೊಂಡಷ್ಟೂ ಮಾತು ನಾಲಿಗೆಗೆ ಹೊಂದಿಕೊಳ್ಳಲಿಲ್ಲ. ಅಂಗಡಿಯಲ್ಲಿ ಎಷ್ಟೋ ಸ್ಪೀಕರುಗಳನ್ನು ಅವಳು ಕಿವಿಯಿಂದಲೇ ನೋಡಿ, ಒಳಗೆ ಹರಿದಿದೆ ಎಂದು ಚೀಟಿ ಅಂಟಿಸಿ ಪಕ್ಕಕ್ಕಿಟ್ಟಿದ್ದಳು. ಸರಿಯಿರುವ ಒಂದಕ್ಕೆ ಇದುವರೆಗೆ ಆ ಚೀಟಿ ಅಂಟಿಸಿರಲಿಲ್ಲ.

ಹಾಲು ಹಿಡಿದು ಬಾಗಿಲಿಗೆ ಬಂದಾಗ ಅಪ್ಪ ಎದ್ದಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಕಣ್ಣು ಮುಚ್ಚಿತ್ತು. ಕೆನ್ನೆಯನ್ನು ಸ್ವಲ್ಪ ಮೇಲೆತ್ತಿ, ಟ್ಯೂಬನ್ನು ಹಿಡಿದಾಗ ಎತ್ತುತ್ತಿದ್ದ ಹಾಗೇ, ಓರೆಯಾಗಿಸಿದ್ದ. ಹೆಬ್ಬೆರಳು ಗುಂಡಿಯನ್ನು ಒತ್ತಿತು, ಕಾಯಿತು, ಮತ್ತೆ ಒತ್ತಿತು. ಮತ್ತೆ ಮತ್ತೆ ಅದೇ ಜಾಗ. ಅವಳು ಚಪ್ಪಲಿ ಬಿಡದೆ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮನೂ ನಿಂತಿದ್ದಳು.

ಅಪ್ಪ ಕಣ್ಣು ಬಿಟ್ಟ. "ಹಿಂದಕ್ಕೆ ಓಡಿಸೋದು ಇದೇ ಗುಂಡಿ ತಾನೇ?"

"ಹೂಂ."

"ಒಳ್ಳೆ ಗುಂಡಿ," ಎಂದ.

ಆಗ ಅವಳ ಫೋನು ಬಡಿದುಕೊಂಡಿತು. ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಫೋನು; ತಿರುಗಿಕೊಳ್ಳಲು ಗೋಡೆ ಹತ್ತಿರವಿರಲಿಲ್ಲ. ಯಜಮಾನರದು ಮೊದಲೇ ಸ್ಪೀಕರ್ ಮಾರಿ ಬೆಳೆದ ಗಂಟಲು, ಫೋನಿನಿಂದ ಕೋಣೆಗೆಲ್ಲ ಕೇಳುತ್ತಿತ್ತು.

"ಏನಮ್ಮ, ಏನು ತೀರ್ಮಾನ?"

"ಸರ್, ಮೆಷಿನ್ನು..." ಎಂದು ಅವಳು ನಿಂತಳು.

ಅಪ್ಪ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದ. ಮೆಲ್ಲಗೆ, ಫೋನಿಗೆ ಕೇಳದಷ್ಟು ಮೆಲ್ಲಗೆ ಹೇಳಿದ: "ಚೆನ್ನಾಗಿದೆ ಅಂತ ಹೇಳು ಪುಟ್ಟಿ. ಪಾಪ, ಅದರ ತಲೆ ಮೇಲೆ ಯಾಕೆ ಹೊರಿಸ್ತೀಯ."

ಅವಳು ಅಪ್ಪನನ್ನು ನೋಡಿದಳು. ಅಪ್ಪ ಹೂಂ ಎನ್ನುವಂತೆ ಕಣ್ಣು ಮುಚ್ಚಿ ತೆರೆದ.

"ಮೆಷಿನ್ ಚೆನ್ನಾಗಿದೆ ಸರ್."

"ಬೆಳಗ್ಗೆ ಉಸ್ ಅಂತ ಬರುತ್ತೆ ಅಂದೆ?"

ಹಾಲಿನ ಪೊಟ್ಟಣದಿಂದ ತಣ್ಣನೆಯ ಹನಿ ಅವಳ ಪಾದದ ಮೇಲೆ ಬಿತ್ತು. "ಅದು ನಮ್ಮನೇದು ಸರ್," ಎಂದಳು. "ಅದರದ್ದಲ್ಲ."

"ಹಾಗಾ? ಸಂಗೀತಕ್ಕೆ ಆಗುತ್ತೆ ಅಂತೀಯ?"

"ಆಗುತ್ತೆ ಸರ್. ಲೆವೆಲ್ ಅದಕ್ಕೆ ಬಿಡಬಾರದು, ಕೈಯಿಂದ ಇಡಬೇಕು. ಆಗ ಇರೋದನ್ನೆಲ್ಲ ಹಿಡಿಯುತ್ತೆ."

ಅವಳು ಯಜಮಾನರ ಜೊತೆ ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಅವರಿಗೂ ಅದು ಹೊಳೆದಿರಬೇಕು. "ಆಯ್ತಮ್ಮ, ಆಯ್ತು," ಎಂದು ಸಣ್ಣ ದನಿಯಲ್ಲಿ ಹೇಳಿ ಫೋನಿಟ್ಟರು.

ಅಮ್ಮ ಬಂದು ಅವಳ ಕೈಯಿಂದ ಹಾಲು ತೆಗೆದುಕೊಂಡಳು. ಆದರೆ ಒಳಗೆ ಹೋಗಲಿಲ್ಲ.

"ಯಾವಾಗಿಂದ?" ಎಂದು ಅಪ್ಪ ಅಮ್ಮನನ್ನೇ ಕೇಳಿದ.

"ಹೋದ ಬೇಸಿಗೆಯಿಂದ."

"ಹೇಳೋದಲ್ವಾ."

"ಹೇಳಿದ್ರೆ ನಿಲ್ಲಿಸ್ತಿದ್ರಿ."

ಅಪ್ಪ ಯೋಚಿಸಿದ. "ನಿಲ್ಲಿಸ್ತಿದ್ದೆ," ಎಂದ. ಆಮೇಲೆ ಕೆನ್ನೆಯನ್ನು ಅಂಗೈಯಿಂದ ಉಜ್ಜಿಕೊಂಡ. "ಊರೋರ ಟ್ಯೂಬಿಗೆಲ್ಲ ಈ ಕೆನ್ನೆ ಕೊಟ್ಟೆ ನೋಡು. ಇದರ ಪಕ್ಕದಲ್ಲೇ ಸೋರ್ತಿದ್ರೆ ಇದಕ್ಕೇ ಗೊತ್ತಾಗಲಿಲ್ಲ. ನಾಳೆಯಿಂದ ನೀರಿನ ತೊಟ್ಟೀನೇ ವಾಸಿ."

ಮೊದಲು ಅಮ್ಮನ ಮೂಗಿನಿಂದ ಒಂದು ಸದ್ದು ಹೊರಟಿತು, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಈ ಸಲ ತುಟಿ ತೆರೆದೇ ನಕ್ಕ. ಅಲುಗಾಡುವ ಹಲ್ಲುಗಳೆಲ್ಲ ಕಾಣಿಸಿದವು.

"ನಾನು ನಿನ್ನ ಹಳೇ ಧ್ವನಿ ಹಿಡಿಯೋಣ ಅಂತಿದ್ದೆ ಅಪ್ಪ," ಎಂದಳು ಮಗಳು. "ತಡವಾಗಿಹೋಯ್ತು."

"ಹಳೇದು ಹಿಡಿಯೋ ಮೆಷಿನ್ ಎಲ್ಲಿದೆ ಪುಟ್ಟಿ? ಇದ್ದಿದ್ರೆ ನಿಮ್ಮಮ್ಮನ ಹಳೇ ದನೀನೂ ಹಿಡಿಸ್ತಿದ್ದೆ. ಎಷ್ಟು ಮೆತ್ತಗಿತ್ತು ಅಂತೀಯ."

"ಓಹೋ," ಎಂದಳು ಅಮ್ಮ.

ಅಪ್ಪ ಕ್ಲಾರಿನೆಟ್ ಎತ್ತಿಕೊಂಡು ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿದ. "ಇವತ್ತಿಂದು ಹಿಡಿ. ಇವತ್ತಿಗೆ ಇದೇ ಇರೋದು." ಅಮ್ಮನ ಕಡೆ ತಿರುಗಿ, "ನೀನೂ ಕೂತ್ಕೋ," ಎಂದ.

"ಬಟಾಣಿ ಅರ್ಧಕ್ಕೆ ಬಿಟ್ಟಿದ್ದೀನಿ."

"ಅದೆಲ್ಲಿ ಓಡಿಹೋಗತ್ತೆ. ಕೂತ್ಕೋ."

ಇಷ್ಟು ವರ್ಷವೂ ಅಮ್ಮ ಆ ವಾದ್ಯವನ್ನು ಕೇಳಿದ್ದು ಏನಾದರೊಂದು ಮಾಡುತ್ತಲೇ. ಒಗ್ಗರಣೆಯ ಹೊಗೆಯಲ್ಲಿ, ಒಗೆದ ಬಟ್ಟೆ ಹಿಂಡುತ್ತಾ. ಈಗ ಅವಳು ಸ್ಟೂಲೆಳೆದು ಕೂತಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಒಂದರ ಮೇಲೊಂದು ಮಡಿಲಲ್ಲಿಟ್ಟುಕೊಂಡಳು.

ಮಗಳು ಪರದೆಯ ಮೇಲಿನ ಪ್ಲಾಸ್ಟಿಕ್ಕನ್ನು ಕಿತ್ತಳು. ರೆಕಾರ್ಡರನ್ನು ಅಪ್ಪನಿಂದ ಮೂರು ಮೊಳ ದೂರದಲ್ಲಿಟ್ಟು ಲೆವೆಲ್ ನೋಡಿಕೊಂಡಳು. ಸ್ವಲ್ಪ ಯೋಚಿಸಿ ಇನ್ನೊಂದು ಮೊಳ ಹತ್ತಿರಕ್ಕೆ ತಂದಳು. ಕೆಂಪು ದೀಪ ಹತ್ತಿತು. ಅಪ್ಪ ಅದರ ಕಡೆ ನೋಡಲಿಲ್ಲ.

ಬ್ಯಾಂಡಿನಲ್ಲಿ ಎಲ್ಲರೂ ಸೇರಿ ನುಡಿಸುವ ಯಾವುದನ್ನೂ ಅವನು ಎತ್ತಿಕೊಳ್ಳಲಿಲ್ಲ. ಸಂಜೆ ಕುಕ್ಕರ್ ಕೂಗುವ ಮೊದಲು ತನ್ನಷ್ಟಕ್ಕೆ ಊದಿಕೊಳ್ಳುತ್ತಿದ್ದ, ಹೆಸರಿಲ್ಲದ ಒಂದು ನಿಧಾನದ ರಾಗ, ಅವನೇ ಕಟ್ಟಿಕೊಂಡದ್ದು. ಮೇಲಿನ ಸ್ವರಗಳಿಗೆ ಹೋಗಬೇಕಾದ ಕಡೆ ಹೋಗಲಿಲ್ಲ, ಕೆಳಗೇ ಸುತ್ತಿ ಬಂದ. ವಾದ್ಯವನ್ನು ಒಂದಿಷ್ಟು ಓರೆ ಮಾಡಿ, ಇನ್ನೂ ಗಟ್ಟಿಯಿದ್ದ ಪಕ್ಕದ ಹಲ್ಲಿನ ಮೇಲೆ ಭಾರ ಹಾಕಿದ. ಸ್ವರ ತೆಳ್ಳಗೆ ಬಂತು. ಅದರ ಅಡಿಯಲ್ಲಿ, ಬೆಳಗಿನ ಬೀದಿಯನ್ನು ಯಾರೋ ದೂರದಲ್ಲಿ ಗುಡಿಸುತ್ತಿರುವ ಹಾಗೆ, ಗಾಳಿ ಉದ್ದಕ್ಕೂ ಜೊತೆಗೆ ನಡೆಯಿತು. ಒಂದು ಕಡೆ ಬೆರಳು ತಪ್ಪಿತು. ಅಪ್ಪ ನಿಲ್ಲಿಸಲಿಲ್ಲ. ಅಮ್ಮನ ತಲೆ ಮಾತ್ರ, ಅಲ್ಲಿ ಬರಬೇಕಾದ ಸ್ವರ ತನಗೆ ಗೊತ್ತೆಂಬಂತೆ, ಒಂದಿಷ್ಟು ಬಾಗಿತು.

ಕೊನೆಯ ಸ್ವರ ಎಲ್ಲಿ ಮುಗಿದು ಉಸಿರು ಎಲ್ಲಿ ಉಳಿಯಿತೆಂದು ಹೇಳುವುದು ಕಷ್ಟವಾಗಿತ್ತು.

ಅಪ್ಪ ವಾದ್ಯವನ್ನು ಇಳಿಸಿದ. ರೀಡನ್ನು ಬಿಚ್ಚಿ ಒರೆಸಿ ಅದರ ಗೂಡಿಗೆ ಸೇರಿಸಿದ. ಮೂತಿಯನ್ನು ಕಳಚಿದ, ಆಮೇಲೆ ಮೇಲಿನ ಕೊಳವೆ, ಕೆಳಗಿನ ಕೊಳವೆ. ದಾರ ಕಟ್ಟಿದ ಬಟ್ಟೆಯನ್ನು ಒಂದೊಂದರೊಳಗೂ ಇಳಿಬಿಟ್ಟು ಎಳೆದ. ಪ್ರತಿ ಸಲವೂ ಒದ್ದೆ ಬಟ್ಟೆ ಮರದೊಳಗೆ ಜಾರುವ ಮೆತ್ತನೆಯ ಸದ್ದು.

"ನಾಳೆ ಬೆಳಗ್ಗೆ ಹೊಟ್ಟೆ ಖಾಲಿ ಇರಬೇಕಂತಾ?" ಎಂದಳು ಅಮ್ಮ.

"ಏನಾದ್ರೂ ತಿಂದೇ ಬನ್ನಿ ಅಂದಿದ್ದಾರೆ."

"ಮೆತ್ತಗಿರೋದು ಮಾಡ್ತೀನಿ."

"ಗಟ್ಟಿಯಾದದ್ದೇ ಮಾಡು. ಆಮೇಲೆ ಹೇಗೂ ಮೆತ್ತಗಿರೋದೇ."

ಮಗಳ ಹೆಬ್ಬೆರಳು ರೆಕಾರ್ಡರ್ ನಿಲ್ಲಿಸುವ ಗುಂಡಿಯ ಮೇಲಿತ್ತು. ಅವಳು ಒತ್ತಲಿಲ್ಲ. ಪುಟ್ಟ ಪರದೆಯ ಮೇಲೆ ಎರಡು ಗೆರೆಗಳು ಅಮ್ಮನ ಮಾತಿಗೆ ಉದ್ದವಾಗಿ, ಅಪ್ಪನ ಬಟ್ಟೆಯ ಸದ್ದಿಗೆ ಗಿಡ್ಡವಾಗಿ, ಆಡುತ್ತಲೇ ಇದ್ದವು.